ಇಷ್ಟು ದೊಡ್ಡ ಸೈಕಲ್ಲನ್ನು ಯಾರು ಕದೀತಾರೆ ಅಂದುಕೊಂಡಿದ್ದೆ

ಕಳೆದ ವಾರ ನಮ್ಮ ತುಮಕೂರಿನ ಎಸ್.ಎಸ್. ಪುರಂನಲ್ಲಿ ಎಣ್ಣೆ ಕೊಡಲು ಹೋಗಿದ್ದೆ. ಅಲ್ಲಿ ಒಬ್ಬ ಹುಡುಗ ನನ್ನ ಸೈಕಲ್ ಸುತ್ತ ಎರಡು ಸುತ್ತು ಹಾಕಿ, ಬಗ್ಗಿ ನೋಡಿ, "ಅಕ್ಕಾ, ಇಂಥದ್ದೇ ಒಂದು ಮಾಡಿಸಬೇಕು ಅಂತಿದೀನಿ. ಆದ್ರೆ ಇದಕ್ಕೆ ಇಷ್ಟು ದಪ್ಪ ಚೈನ್ ಯಾಕೆ? ಇಷ್ಟು ದೊಡ್ಡ ಗಾಡಿನ ಯಾರು ಹೊತ್ಕೊಂಡು ಹೋಗ್ತಾರೆ?" ಅಂತ ಕೇಳಿದ. ಹೊತ್ತುಕೊಂಡೇ ಹೋದರು ಕಣಪ್ಪಾ, ಮಂಡಿಪೇಟೆಯಲ್ಲಿ, ಹಾಡಹಗಲಲ್ಲಿ, ಅಂದೆ. ನಿಂತ ಜಾಗದಲ್ಲಿ ಹೇಳಿ ಮುಗಿಸುವ ಕತೆ ಅಲ್ಲ ಅದು. ಅವನಿಗೂ, ಅವನ ಹಾಗೆ ಸಾಮಾನು ಹೊರುವ ಕಾರ್ಗೋ ಸೈಕಲ್ ಬೇಕು ಅನ್ನುವವರಿಗೂ, ಇಟ್ಟುಕೊಂಡವರಿಗೂ ಬೇಕಾಗಬಹುದು ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ನಮ್ಮದು ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೇಕಾಯಿ ಎಣ್ಣೆ, ಸ್ವಲ್ಪ ಎಳ್ಳೆಣ್ಣೆ. ಕೊಬ್ಬರಿ ತಿಪಟೂರಿನಿಂದ ಬರುತ್ತದೆ, ಕಡಲೇಕಾಯಿ ಪಾವಗಡದ ಕಡೆಯಿಂದ. ಮನೆಮನೆಗೆ ಬಾಟಲಿ ಕೊಡಲು ಮೊದಲು ಸ್ಕೂಟರ್ ಇತ್ತು. ಅದರಲ್ಲಿ ಕಾಲಿನ ಹತ್ತಿರ ಒಂದು ಡಬ್ಬ, ಹಿಂದೆ ಒಂದು ಡಬ್ಬ, ಅಷ್ಟೇ. ಆಮೇಲೆ ಅಂತರಸನಹಳ್ಳಿ ಕಡೆ ವೆಲ್ಡಿಂಗ್ ಮಾಡುವ ಅಣ್ಣನ ಹತ್ತಿರ ಈ ಸೈಕಲ್ ಮಾಡಿಸಿದೆವು. ಹ್ಯಾಂಡಲ್‌ಗೂ ಮುಂದಿನ ಚಕ್ರಕ್ಕೂ ನಡುವೆ ಉದ್ದದ ಪೆಟ್ಟಿಗೆ, ಮುಂದೆ ಚಿಕ್ಕ ಚಕ್ರ, ಹಿಂದೆ ಮಾಮೂಲಿ ಚಕ್ರ. ಈ ಮಾದರಿಗೆ ಲಾಂಗ್ ಜಾನ್ ಅನ್ನುತ್ತಾರೆ, ಡೆನ್ಮಾರ್ಕ್‌ನಲ್ಲಿ 1920ರ ದಶಕದಲ್ಲೇ ಶುರುವಾದದ್ದು. ಅಲ್ಲಿ ಇದರಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಹೋಗುತ್ತಾರೆ, ನಾವು ಎಣ್ಣೆ ಕೂರಿಸಿದೆವು. ಹಿಂದಿನ ಚಕ್ರಕ್ಕೆ 250 ವ್ಯಾಟ್ ಮೋಟರ್, 36 ವೋಲ್ಟ್ ಬ್ಯಾಟರಿ. ಎಲ್ಲ ಸೇರಿ 62 ಸಾವಿರ ಆಯಿತು. ಐದು ಡಬ್ಬ ಎಣ್ಣೆ ಹಾಕಿಕೊಂಡು ಬಟವಾಡಿಯಿಂದ ಟೌನ್‌ಹಾಲ್‌ವರೆಗೆ ಆರಾಮಾಗಿ ಬರುತ್ತೇನೆ. ಇಷ್ಟು ಉಪಯೋಗಕ್ಕೆ ಬಂದ ವಸ್ತು ನಮ್ಮ ಮನೆಯಲ್ಲಿ ಗಾಣ ಬಿಟ್ಟರೆ ಇದೊಂದೇ.

ಕದ್ದದ್ದು ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮಂಡಿಪೇಟೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಒಂದು ಅಂಗಡಿಗೆ ಎರಡು ಡಬ್ಬ ಇಳಿಸಿ, ಖಾಲಿ ಡಬ್ಬ ಎಣಿಸಿ, ಹಳೇ ಬಾಕಿ ಲೆಕ್ಕ ನೋಡಿ ಹೊರಗೆ ಬರುವಷ್ಟರಲ್ಲಿ ಹೆಚ್ಚೆಂದರೆ ಹನ್ನೆರಡು ನಿಮಿಷ ಆಗಿತ್ತು. ಸೈಕಲ್ ಇಲ್ಲ. ನಿಲ್ಲಿಸಿದ್ದ ಜಾಗದಲ್ಲಿ ನೆಲದ ಮೇಲೆ ಅಂಗೈಯಗಲ ಎಣ್ಣೆ ಕಲೆ, ಪಕ್ಕದಲ್ಲಿ ನನ್ನ ಕೇಬಲ್ ಲಾಕ್ ಬಿದ್ದಿತ್ತು. ಅದನ್ನು ಎತ್ತಿ ನೋಡಿದೆ. ಹೊರಗೆ ಹೆಬ್ಬೆರಳು ದಪ್ಪ ಕಪ್ಪು ಪ್ಲಾಸ್ಟಿಕ್, ಒಳಗೆ ನೋಡಿದರೆ ಕಿರುಬೆರಳಷ್ಟೂ ದಪ್ಪ ಇಲ್ಲದ ತಂತಿಯ ಹುರಿ. ಕತ್ತರಿಸಿದ ತುದಿಯಲ್ಲಿ ಎಳೆಗಳೆಲ್ಲ ಹಳೇ ಪೊರಕೆ ಥರ ಕೆದರಿಕೊಂಡಿದ್ದವು. ಆ ಪ್ಲಾಸ್ಟಿಕ್ಕಿನ ದಪ್ಪ ನೋಡಿಯೇ ನಾನು ಎರಡು ವರ್ಷ ಧೈರ್ಯವಾಗಿದ್ದೆ. ಆ ಲಾಕ್ ಹಿಂದಿನ ಚಕ್ರಕ್ಕೂ ಫ್ರೇಮ್‌ಗೂ ಸುತ್ತಿದ್ದದ್ದು, ಬೇರೆ ಯಾವುದಕ್ಕೂ ಕಟ್ಟಿರಲಿಲ್ಲ. ಅಂದರೆ ಅದನ್ನು ಕತ್ತರಿಸುವ ಅಗತ್ಯವೂ ಅವರಿಗೆ ಇರಲಿಲ್ಲ, ಹಾಗೇ ಎತ್ತಬಹುದಿತ್ತು.

ಎದುರಿಗೆ ಹೂವು ಮಾರುವ ಅಜ್ಜಿ ಎಲ್ಲ ನೋಡಿದ್ದರು. ಮೊಳ ಹಾಕುತ್ತಿದ್ದವರು ಕೈ ನಿಲ್ಲಿಸಿ, "ಅಯ್ಯೋ, ಕೆಟ್ಟೋಗೈತೆ, ರಿಪೇರಿಗೆ ತಗೊಂಡು ಹೋಗ್ತೀವಿ ಅಂದ್ರಲ್ಲ ಕಣವ್ವಾ! ಇಬ್ರು ಹುಡುಗ್ರು, ಗೂಡ್ಸ್ ಆಟೋ ತಂದಿದ್ರು. ನೀನೇ ಕಳಿಸಿದೀಯ ಅನ್ಕಂಡೆ," ಅಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಆ ಹುಡುಗರಿಗೆ ಎತ್ತಲು ಆಗದೆ ಇದ್ದಾಗ ಪಕ್ಕದ ಹಮಾಲಿ ಒಬ್ಬರು ಕೈ ಕೊಟ್ಟರಂತೆ. ಅವರದೇನೂ ತಪ್ಪಿಲ್ಲ. ಕಷ್ಟಪಟ್ಟು ಎತ್ತುತ್ತಿರುವವರನ್ನು ನೋಡಿದರೆ ನಾನೂ ಒಂದು ಕೈ ಹಿಡಿಯುತ್ತಿದ್ದೆ.

ನಾನು ತಪ್ಪು ತಿಳಿದುಕೊಂಡದ್ದು ಇಲ್ಲೇ. ಸಾಮಾನ್ಯ ಸೈಕಲ್ ಹತ್ತಿ ಓಡಿಹೋಗುತ್ತಾರೆ, ನನ್ನದು 48 ಕೆಜಿ, ಎಂಟು ಅಡಿ ಉದ್ದ, ಅದನ್ನು ಹತ್ತಿ ಓಡಿಸಲು ಅಭ್ಯಾಸ ಬೇಕು, ಹಾಗಾಗಿ ಯಾರೂ ಮುಟ್ಟಲ್ಲ ಅಂದುಕೊಂಡಿದ್ದೆ. ಆದರೆ ದೊಡ್ಡ ಗಾಡಿಯನ್ನು ಯಾರೂ ಓಡಿಸಿಕೊಂಡು ಹೋಗುವುದಿಲ್ಲ, ತುಂಬಿಕೊಂಡು ಹೋಗುತ್ತಾರೆ. ತುಂಬುವುದು ಕಳ್ಳತನದ ಥರ ಕಾಣುವುದೇ ಇಲ್ಲ, ಕೆಲಸದ ಥರ ಕಾಣುತ್ತದೆ. ಅದಕ್ಕೇ ಚಕ್ರಕ್ಕೆ ಹಾಕುವ ಬೀಗ ಎಷ್ಟು ಗಟ್ಟಿಯಾಗಿದ್ದರೂ ಈ ಸೈಕಲ್‌ಗೆ ಸಾಲದು. ನೆಲಕ್ಕೋ ಗೋಡೆಗೋ ಕಟ್ಟಿರಬೇಕು.

ಸ್ಟೇಷನ್‌ಗೆ ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಗಾಡಿ ನಂಬರ್ ಏನಮ್ಮಾ?" ನಂಬರ್ ಇಲ್ಲ. ಮೋಟರ್ 250 ವ್ಯಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ಇಂಥ ಗಾಡಿಗೆ ಆರ್‌ಟಿಒ ನೋಂದಣಿ ಬೇಕಿಲ್ಲ, ಲೈಸೆನ್ಸೂ ಬೇಕಿಲ್ಲ. ಕೊಳ್ಳುವಾಗ ಅದೇ ಖುಷಿ ಆಗಿತ್ತು. ಕಳೆದುಕೊಂಡಾಗ ಗೊತ್ತಾಯಿತು, ಈ ಗಾಡಿ ನನ್ನದು ಅಂತ ಹೇಳುವ ಒಂದು ಕಾಗದವೂ ಸರ್ಕಾರದ ಹತ್ತಿರ ಇಲ್ಲ ಅಂತ. "ಹೋಗಲಿ, ಫ್ರೇಮ್ ನಂಬರ್?" ಅದೂ ಇಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. "ಬಿಲ್?" ಮೋಟರ್, ಬ್ಯಾಟರಿಗೆ ಮಾತ್ರ ಇತ್ತು. "ಫೋಟೋ?" ಫೋನೆಲ್ಲ ಹುಡುಕಿದರೆ ಸಿಕ್ಕಿದ್ದು ಒಂದೇ, ಆಯುಧ ಪೂಜೆಯದು. ಎರಡು ಬಾಳೆಕಂದು, ಚೆಂಡು ಹೂವಿನ ಹಾರ, ಮುಂದೆ ಒಡೆದ ಬೂದುಗುಂಬಳಕಾಯಿ. ಹೂವಿನ ಮಧ್ಯೆ ಹ್ಯಾಂಡಲ್‌ನ ಒಂದು ತುದಿ ಮಾತ್ರ ಕಾಣುತ್ತಿತ್ತು.

ನಮ್ಮಪ್ಪ ಒಂದು ಮಾತು ಹೇಳುತ್ತಿದ್ದರು. ಅವರು ಹುಡುಗರಾಗಿದ್ದಾಗ ಸೈಕಲ್‌ಗೂ ಲೈಸೆನ್ಸ್ ಇತ್ತು, ವರ್ಷವರ್ಷ ದುಡ್ಡು ಕಟ್ಟಿ ನಂಬರ್ ಇರುವ ತಗಡಿನ ಬಿಲ್ಲೆ ತಂದು ಹಾಕಿಕೊಳ್ಳಬೇಕಿತ್ತು, ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ದಂಡ. ಆಗ ನಮಗೆಲ್ಲ ನಗು ಬರುತ್ತಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಆ ತಗಡಿನ ಬಿಲ್ಲೆ ನೆನಪಾಯಿತು.

ದೂರಿನ ಬಗ್ಗೆ ಒಂದು ವಿಷಯ ಎಲ್ಲರೂ ತಿಳಿದುಕೊಂಡಿರಬೇಕು. ಮೊದಲು ನನಗೆ, ಅರ್ಜಿ ಕೊಟ್ಟು ಹೋಗಿ, ಸಿಕ್ಕಿದರೆ ಹೇಳುತ್ತೇವೆ ಅಂದರು. ವಕೀಲಿಕೆ ಮಾಡುವ ನನ್ನ ಚಿಕ್ಕಮ್ಮನ ಮಗ ಫೋನಿನಲ್ಲೇ ಹೇಳಿದ, "ಅರ್ಜಿ ಸ್ವೀಕೃತಿ ಇಸ್ಕೊಂಡು ಎದ್ದು ಬರಬೇಡ, ಎಫ್‌ಐಆರ್ ಮಾಡಿಸು." 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನಕ್ಕೆ ಮೊದಲು ಸೆಕ್ಷನ್ 379 ಇತ್ತು, ಈಗ 303. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವವರಿಗೆ 317. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿಗೆ ಕಳಿಸಬಹುದು, ಅದಕ್ಕೂ ಕಾನೂನಿನಲ್ಲಿ ಜಾಗ ಇದೆ. ನಾನು ಜಗಳ ಮಾಡಲಿಲ್ಲ. ಸಾರ್, ಇದು ನಮ್ಮ ಹೊಟ್ಟೆಪಾಡು, ಎಫ್‌ಐಆರ್ ಮಾಡಿಕೊಡಿ ಅಂತ ಅಲ್ಲೇ ಕೂತೆ. ಮೂರು ಗಂಟೆ ಆದಮೇಲೆ ಮಾಡಿಕೊಟ್ಟರು. ಆಮೇಲೆ ಆ ಕಾಗದ ಇದ್ದದ್ದಕ್ಕೇ ಗಾಡಿ ವಾಪಸ್ ಬಂತು.

ಸಿಕ್ಕಿದ್ದು ಹದಿನೇಳು ದಿನ ಆದಮೇಲೆ, ಊರ ಹೊರಗಿನ ಒಂದು ಗುಜರಿಯಲ್ಲಿ. ಹುಡುಕಿದ್ದು ಪೊಲೀಸರೂ ಅಲ್ಲ, ನಾನೂ ಅಲ್ಲ. ನಮ್ಮ ವೆಲ್ಡಿಂಗ್ ಅಣ್ಣ ಅಲ್ಲಿಗೆ ಹಳೇ ಪೈಪ್ ಕೊಳ್ಳಲು ಹೋಗಿದ್ದರು. ಕಬ್ಬಿಣದ ರಾಶಿ ಪಕ್ಕ ಮಗುಚಿ ಹಾಕಿದ್ದ ಫ್ರೇಮ್ ಕಣ್ಣಿಗೆ ಬಿತ್ತು. ಬಣ್ಣ ಬಳಿದಿದ್ದರು, ಮೋಟರ್ ಇಲ್ಲ, ಬ್ಯಾಟರಿ ಇಲ್ಲ. ಆದರೂ ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ನಾನು ಹಾಕಿದ ವೆಲ್ಡಿಂಗ್ ನನಗೆ ಗೊತ್ತಾಗಲ್ವಾ ಅಕ್ಕಾ? ಬೇಗ ಬನ್ನಿ, ಪೊಲೀಸ್ನೋರ್ನೂ ಕರ್ಕೊಂಡು ಬನ್ನಿ."

ಗುಜರಿಯವರು ಒಪ್ಪಲಿಲ್ಲ, ಇದು ಬೇರೆ ಊರಿಂದ ಬಂದದ್ದು ಅಂದರು. ವೆಲ್ಡಿಂಗ್ ನೋಡಿ ಹೇಳುತ್ತೇನೆ ಅಂದರೆ ಕೋರ್ಟಿನಲ್ಲಿ ನಿಲ್ಲುತ್ತದಾ? ಆಗ ನನಗೆ ಪೆಟ್ಟಿಗೆಯ ತಳ ನೆನಪಾಯಿತು. ಅದರ ಪ್ಲೈವುಡ್ ನಮ್ಮ ಹಳೇ ಅಡಿಗೆಮನೆ ಬೀರುವಿನ ಬಾಗಿಲು. ಆ ಬಾಗಿಲ ಒಳಗಡೆ ಪ್ರತಿ ಯುಗಾದಿಗೆ ಮಗಳನ್ನು ನಿಲ್ಲಿಸಿ ಎತ್ತರದ ಗೆರೆ ಹಾಕುತ್ತಿದ್ದೆವು. ಪೆಟ್ಟಿಗೆ ಮಾಡುವಾಗ ಆ ಮುಖ ಕೆಳಗೆ ಬಂದಿತ್ತು. ಬಣ್ಣ ಬಳಿದವರು ಕೆಳಗೆ ಬಳಿದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಟಾರ್ಚ್ ಬಿಟ್ಟು ನೋಡಿದರು. ಪೆನ್ಸಿಲ್ ಗೆರೆ, ಪಕ್ಕದಲ್ಲಿ 2014, 2015, 2016, ಎಲ್ಲಾ ನನ್ನ ಕೈಬರಹ. ಆ ಗೆರೆಗಳ ಫೋಟೋ ನಮ್ಮ ಮನೆಯ ಹಳೇ ಆಲ್ಬಮ್‌ನಲ್ಲೂ ಇತ್ತು, ಮಗಳು ಪಕ್ಕದಲ್ಲೇ ನಿಂತಿರುವುದು. ಅಲ್ಲಿಗೆ ಮಾತು ಮುಗಿಯಿತು. ಪಂಚನಾಮೆ ಆಗಿ, ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಗಾಡಿ ಮನೆಗೆ ತರುವಷ್ಟರಲ್ಲಿ ದಸರಾ ಹತ್ತಿರ ಬಂದಿತ್ತು. ಮೋಟರ್, ಬ್ಯಾಟರಿ ಸಿಗಲೇ ಇಲ್ಲ. ಅದಕ್ಕೆ ಮತ್ತೆ 27 ಸಾವಿರ.

ಈಗ ಏನು ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ. ಇದರಲ್ಲಿ ಬಹಳಷ್ಟು ವೆಲ್ಡಿಂಗ್ ಅಣ್ಣನಿಂದ ಕಲಿತದ್ದು, ಉಳಿದದ್ದು ನಾನೇ ಕೆಡಿಸಿ ಸರಿಮಾಡಿಕೊಂಡದ್ದು.

ಮನೆಯಿಂದ ಶುರುಮಾಡಿ, ಯಾಕೆಂದರೆ ಗಾಡಿ ಜಾಸ್ತಿ ಹೊತ್ತು ನಿಂತಿರುವುದು ಅಲ್ಲೇ, ಅದೂ ರಾತ್ರಿ. ಜಗುಲಿ ಪಕ್ಕ ಒಂದೂವರೆ ಅಡಿ ಆಳದ ಗುಂಡಿ ತೋಡಿಸಿದೆ. 16 ಎಂಎಂ ಕಂಬಿಯನ್ನು ಕುದುರೆ ಲಾಳದ ಹಾಗೆ ಬಗ್ಗಿಸಿ, ಎರಡು ಕಾಲಿನ ತುದಿಯನ್ನೂ ಹೊರಕ್ಕೆ ಮಡಿಸಿದರು. ಈ ಮಡಿಕೆ ಮುಖ್ಯ, ಇಲ್ಲದಿದ್ದರೆ ಜಾಕ್ ಹಾಕಿ ಎತ್ತಿದರೆ ಕಂಬಿ ಕಿತ್ತು ಬರುತ್ತದೆ. ಅದನ್ನು ಗುಂಡಿಯಲ್ಲಿ ನಿಲ್ಲಿಸಿ ಒಂದು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ ಲೆಕ್ಕದಲ್ಲಿ ಕಾಂಕ್ರೀಟ್ ತುಂಬಿ, ವಾರ ಪೂರ್ತಿ ಬೆಳಿಗ್ಗೆ ಸಂಜೆ ನೀರು ಕುಡಿಸಿದೆವು. ನೆಲದ ಮೇಲೆ ಕಾಣುವುದು ಒಂದು ಗೇಣು ಬಳೆ ಅಷ್ಟೇ. ಕೂಲಿ ಸೇರಿ ಸಾವಿರದ ಮುನ್ನೂರು ಆಯಿತು. ಕಾಂಪೌಂಡ್ ಗೇಟ್‌ಗೆ ಕಟ್ಟಿದರೆ ಸಾಲದಾ ಅಂತ ಯಜಮಾನರು ಕೇಳಿದರು. ಗೇಟನ್ನು ಹಿಡಿದು ಮೇಲಕ್ಕೆ ಎತ್ತಿ ತೋರಿಸಿದೆ. ಕೀಲಿನಿಂದ ಕಳಚಿ ಹಾಗೇ ಬಂತು. ನಿಮ್ಮ ಮನೆಯ ಗೇಟನ್ನೂ ಒಮ್ಮೆ ಎತ್ತಿ ನೋಡಿ.

ಚೈನ್ ವಿಷಯದಲ್ಲಿ ಒಂದು ಸಲ ಮೋಸ ಹೋದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಚೈನ್ ತಂದೆ, ನೋಡಲು ಒಳ್ಳೆ ದಪ್ಪ. ವೆಲ್ಡಿಂಗ್ ಅಣ್ಣ ಅದನ್ನು ವೈಸ್‌ಗೆ ಹಾಕಿ ಅರದಿಂದ ನಾಲ್ಕು ಸಲ ಉಜ್ಜಿದರು. ಬೆಳ್ಳಗೆ ಗಾಯ ಆಯಿತು, ಕೆಳಗೆ ಪುಡಿ ಉದುರಿತು. "ಇದು ಹಸುಗೆ ಕಟ್ಟೋದು ಅಕ್ಕಾ," ಅಂದರು. ಆಮೇಲೆ ಬೀಗಕ್ಕೆ ಅಂತಲೇ ಮಾಡಿರುವ, ಹದ ಮಾಡಿದ ಉಕ್ಕಿನ ಚೈನ್ ತರಿಸಿದೆ. ಅದರ ಮೇಲೆ ಅರ ಇಟ್ಟರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ, ಕೀಂಯ್ ಅಂತ ಸದ್ದು ಬೇರೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನನ್ನ ಚೈನ್ 10 ಎಂಎಂ, ಒಂದೂಕಾಲು ಮೀಟರ್ ಉದ್ದ, ಬೀಗ ಸೇರಿ 3 ಕೆಜಿ ಹತ್ತಿರ ಬರುತ್ತದೆ. ಮಾಮೂಲಿ ಸೈಕಲ್‌ನವರು ಅಷ್ಟು ಭಾರ ಹೊರಲಾರರು. ನಮಗೆ ಪೆಟ್ಟಿಗೆ ಇದೆ, ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಕಾರ್ಗೋ ಸೈಕಲ್‌ನವರು ಬೀಗದ ಭಾರಕ್ಕೆ ಹಿಂದೆಮುಂದೆ ನೋಡಬಾರದು.

ಚೈನ್ ಒಳ್ಳೆಯದು ತಂದು ಬೀಗ ಸುಮಾರಾಗಿದ್ದರೆ ಕಳ್ಳ ಬೀಗವನ್ನೇ ಕತ್ತರಿಸುತ್ತಾನೆ. ಬೀಗದ ಕೊಂಡಿ ದಪ್ಪ ಇರಬೇಕು, ಹೊರಗೆ ಆದಷ್ಟು ಕಡಿಮೆ ಕಾಣಬೇಕು, ಬೋಲ್ಟ್ ಕಟರ್ ಅನ್ನುವ ಉದ್ದ ಹಿಡಿಯ ಕಬ್ಬಿಣದ ಕತ್ತರಿಯ ಬಾಯಿ ಒಳಗೆ ಹೋಗಲು ಸಂದು ಸಿಗಬಾರದು. ಪಕ್ಕದ ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ, ಅಂದರೆ ಆ ಊರಿನದೇ ವಸ್ತು ಅನ್ನುವ ಮಾನ್ಯತೆ ಸಿಕ್ಕಿದೆ, ಕೈಯಲ್ಲಿ ಮಾಡಿದ ಬೀಗಗಳು, ನನಗೆ ತುಂಬಾ ಇಷ್ಟ. ಮನೆಯ ಕಬ್ಬಿಣದ ಬಳೆಗೆ ಅದನ್ನೇ ಹಾಕಿದ್ದೇನೆ, ಬೀದಿಗೆ ಮಾತ್ರ ಕೊಂಡಿ ಮುಚ್ಚಿರುವ ಬೀಗ. ಇನ್ನೊಂದು, ಚೈನ್ ನೆಲಕ್ಕೆ ತಾಗುವ ಹಾಗೆ ಜೋತು ಬೀಳಬಾರದು. ನೆಲಕ್ಕೆ ತಾಗಿದ್ದರೆ ಬೋಲ್ಟ್ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಒತ್ತಿ, ಇನ್ನೊಂದರ ಮೇಲೆ ಮೈಭಾರ ಪೂರ್ತಿ ಹಾಕಿ ಕತ್ತರಿಸುತ್ತಾರೆ. ಎತ್ತರದಲ್ಲಿ ಬಿಗಿಯಾಗಿ ಕಟ್ಟಿದರೆ ಬರೀ ತೋಳಬಲದಲ್ಲಿ ಮಾಡಬೇಕು, ಅದು ಕಷ್ಟ.

ಬ್ಯಾಟರಿಯಲ್ಲಿ ಓಡುವ, ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದರೆ? ತಂದರೆ ಒಂದೆರಡು ನಿಮಿಷದಲ್ಲಿ ಯಾವ ಚೈನ್ ಆದರೂ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕಿಡಿ ಹಾರುತ್ತದೆ, ಬೀದಿಗೆಲ್ಲ ಕೇಳುವಷ್ಟು ಸದ್ದು ಬರುತ್ತದೆ. ಕೇಬಲ್ ಲಾಕ್ ಆದರೆ ಕೆಲವೇ ಸೆಕೆಂಡಿನ ಕೆಲಸ, ಇಲ್ಲಿ ಎರಡು ನಿಮಿಷದ್ದಾಗುತ್ತದೆ. ಆ ಎರಡು ನಿಮಿಷದಲ್ಲಿ ಯಾರಾದರೂ ತಿರುಗಿ ನೋಡಬೇಕು, ನೋಡಿದವರು ಏನಪ್ಪಾ ಅಂತ ಕೇಳಬೇಕು. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಬೀದಿಯಲ್ಲಿ ಏನಕ್ಕೆ ಕಟ್ಟುವುದು ಅನ್ನುವುದೇ ದೊಡ್ಡ ತಲೆನೋವು. ನಮ್ಮ ಊರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ರಸ್ತೆಗಳು ಎಷ್ಟೋ ಚೆನ್ನಾಗಿ ಆಗಿವೆ, ಆದರೆ ನಾನು ದಿನಾ ಓಡಾಡುವ ಅಂಗಡಿ ಬೀದಿಗಳಲ್ಲಿ ಸೈಕಲ್ ಕಟ್ಟಲು ಒಂದು ಕಬ್ಬಿಣದ ಕಮಾನು ಇಲ್ಲ. ಕರೆಂಟ್ ಕಂಬಕ್ಕೆ ಮಾತ್ರ ದಯವಿಟ್ಟು ಕಟ್ಟಬೇಡಿ, ಮಳೆಗಾಲದಲ್ಲಿ ಕಬ್ಬಿಣದ ಕಂಬಕ್ಕೆ ಕರೆಂಟ್ ಹರಿದು ಜೀವ ಹೋದದ್ದನ್ನು ಕೇಳಿದ್ದೇವೆ. ಗಿಡದ ಸುತ್ತ ಇರುವ ಬೇಲಿ ಕೈಯಲ್ಲೇ ಕಿತ್ತುಬರುತ್ತದೆ. ಬೋರ್ಡಿನ ಕಂಬ ಆದರೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಬುಡ ಸಡಿಲ ಇದ್ದರೆ ಬೇಡ. ಕಂಬ ಗಿಡ್ಡ ಇದ್ದರೂ ಬೇಡ, ಚೈನ್ ಸಮೇತ ಮೇಲಿಂದ ಎತ್ತಿ ತೆಗೆಯುತ್ತಾರೆ. ನಾನು ಕೊನೆಗೆ ಮಾಡಿದ್ದು ಇಷ್ಟೇ, ವಾರವಾರ ಹೋಗುವ ಒಂಬತ್ತು ಅಂಗಡಿಗಳವರನ್ನು ಕೇಳಿದೆ. ಅಣ್ಣಾ, ನಿಮ್ಮ ಕಿಟಕಿ ಗ್ರಿಲ್‌ಗೆ ಹತ್ತು ನಿಮಿಷ ಕಟ್ಟಿಕೊಳ್ಳಲಾ ಅಂತ. ಏಳು ಜನ ತಕ್ಷಣ ಹೂಂ ಅಂದರು. ಚಿಕ್ಕಪೇಟೆಯಲ್ಲಿ ಒಬ್ಬರು ನನಗೋಸ್ಕರ ಮೆಟ್ಟಿಲ ಪಕ್ಕ ಒಂದು ಕೊಂಡಿಯನ್ನೇ ಹಾಕಿಸಿದ್ದಾರೆ. ಎರಡು ವರ್ಷ ಕೇಳದೇ ಇದ್ದದ್ದು ಯಾಕೆ ಅಂತ ಈಗ ಅನ್ನಿಸುತ್ತದೆ.

ಕಟ್ಟುವಾಗ ಚೈನ್ ಫ್ರೇಮ್ ಮೂಲಕ ಹೋಗಲೇಬೇಕು. ಬರೀ ಚಕ್ರಕ್ಕೆ ಹಾಕಿದರೆ ಚಕ್ರ ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ಹಿಂದಿನ ಚಕ್ರದಲ್ಲಿ ಮೋಟರ್ ಇರುವುದರಿಂದ ನಾನು ಎರಡನ್ನೂ ಸೇರಿಸಿ ಕಟ್ಟುತ್ತೇನೆ. ಬ್ಯಾಟರಿ ಕಳಚಿ ಚೀಲದಲ್ಲಿ ಹಾಕಿಕೊಂಡು ಒಳಗೆ ಹೋಗುತ್ತೇನೆ, ನಾಲ್ಕು ಕೆಜಿ ಇದೆ, ಭುಜ ನೋಯುತ್ತದೆ, ಆದರೂ ಬಿಡುವುದಿಲ್ಲ. ಅದಕ್ಕೆ ಕೊಟ್ಟಿರುವ ಸಣ್ಣ ಕೀ ನಂಬುವಂಥದ್ದಲ್ಲ. ಸೀಟು, ಮೋಟರ್ ನಡೆಸುವ ಕಂಟ್ರೋಲರ್ ಡಬ್ಬಿಯ ಅಲೆನ್ ಬೋಲ್ಟ್‌ಗಳ ತಲೆಯ ತೂತಿನಲ್ಲಿ ಹಳೇ ಬೇರಿಂಗ್ ಬಾಲ್ ಒಂದೊಂದು ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಕೂರಿಸಿದ್ದಾರೆ. ಕೀ ಹಾಕಲು ಜಾಗವೇ ಇಲ್ಲ. ನಮಗೆ ಬಿಚ್ಚಬೇಕಾದರೆ ಡ್ರಿಲ್ ಮಾಡಬೇಕು, ಅದು ವರ್ಷಕ್ಕೊಮ್ಮೆ ಬರುವ ಕೆಲಸ.

ಟ್ರ್ಯಾಕರ್ ಇದೆ, ಸಿಮ್ ಹಾಕುವ ಜಿಪಿಎಸ್. ಪೆಟ್ಟಿಗೆ ಪ್ಲೈವುಡ್ ಆದ್ದರಿಂದ ಅದರ ಎರಡು ಪದರದ ನಡುವೆ ಅಡಗಿಸಿದ್ದೇವೆ, ತಗಡಿನ ಪೆಟ್ಟಿಗೆಯಾದರೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೆ ಅದರದೇ ಬ್ಯಾಟರಿ ಇರಬೇಕು, ಇಲ್ಲದಿದ್ದರೆ ನಾವು ದೊಡ್ಡ ಬ್ಯಾಟರಿ ತೆಗೆದ ಕೂಡಲೇ ಅದೂ ಮಲಗುತ್ತದೆ. ಸಣ್ಣ ಬ್ಲೂಟೂತ್ ಬಿಲ್ಲೆಗಳೂ ಬರುತ್ತವೆ. ಅವು ಹತ್ತಿರದಲ್ಲಿ ಓಡಾಡುವ ಬೇರೆಯವರ ಫೋನ್ ನಂಬಿಕೊಂಡಿರುತ್ತವೆ, ಪೇಟೆಯಲ್ಲಿ ಸರಿ, ಹೊರವಲಯದ ಗುಜರಿಯಲ್ಲಿ ನನಗೆ ನಂಬಿಕೆ ಇಲ್ಲ. ಎಲ್ಲಿದೆ ಅಂತ ಗೊತ್ತಾದರೂ ಒಬ್ಬರೇ ಹೋಗಬೇಡಿ, 112ಕ್ಕೆ ಫೋನ್ ಮಾಡಿ.

ಇನ್ನು ಗುರುತು. ಪೆಡಲ್ ಅಚ್ಚು ಹಾಯುವ ದಪ್ಪ ಪೈಪಿನ ಕೆಳಗೆ ನಂಬರ್ ಪಂಚ್‌ನಿಂದ ಎಂಟು ಅಂಕೆ ಕುಟ್ಟಿಸಿದೆ. ಕಂಪನಿ ಸೈಕಲ್ ಆದರೆ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಇವತ್ತೇ ಬಗ್ಗಿ ನೋಡಿ ಬರೆದಿಟ್ಟುಕೊಳ್ಳಿ. ಅದೇ ನಂಬರನ್ನು ಸೀಟಿನ ಪೈಪಿನ ಒಳಗೆ, ಕಣ್ಣಿಗೆ ಬೀಳದ ಇನ್ನೊಂದು ಜಾಗದಲ್ಲೂ ಕುಟ್ಟಿಸಿದ್ದೇನೆ. ಒಂದು ಕಾಗದದಲ್ಲಿ ಹೆಸರು, ಊರು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹ್ಯಾಂಡಲ್ ಪೈಪಿನೊಳಗೆ ತುರುಕಿದ್ದೇನೆ. ವೆಲ್ಡಿಂಗ್ ಅಣ್ಣನಿಂದ ಆ ನಂಬರ್ ಹಾಕಿಸಿ ಬಿಲ್ ಬರೆಸಿಕೊಂಡೆ. ಫೋಟೋಗಳನ್ನು ಹೂವಿಲ್ಲದ ದಿನ ತೆಗೆದಿದ್ದೇನೆ, ನಾಲ್ಕೂ ಕಡೆಯಿಂದ, ನಂಬರಿನದು, ವೆಲ್ಡಿಂಗಿನದು, ನಾನು ಪಕ್ಕದಲ್ಲಿ ನಿಂತಿರುವುದು. ಮಗಳ ಗೆರೆಗಳಿರುವ ಪ್ಲೈವುಡ್ ಮಾತ್ರ ಹಾಗೇ ಇದೆ. ಅದರ ಮೇಲೆ ವಾರ್ನಿಷ್ ಬಳಿಸಿದ್ದೇನೆ, ಅಳಿಸಿಹೋಗಬಾರದು ಅಂತ.

ಕೊನೆಗೆ ಹೇಳುತ್ತೇನೆ ಅಂದದ್ದು ಹೂವಿನ ಅಜ್ಜಿಯ ವಿಷಯ. ಗಾಡಿ ವಾಪಸ್ ಬಂದ ಮೇಲೆ ಮೊದಲು ಅವರಿಗೇ ತೋರಿಸಿದೆ. ಅಜ್ಜೀ, ಈ ಗಾಡಿನ ನಾನು ಯಾವತ್ತೂ ಬೇರೆಯವರ ಕೈಯಲ್ಲಿ ರಿಪೇರಿಗೆ ಕಳಿಸಲ್ಲ, ಯಾರು ಮುಟ್ಟಿದರೂ ಕಳ್ಳರೇ ಅಂತ ಕೂಗಿ, ಅಂದೆ. ಆ ಬೀದಿಯ ಹಮಾಲಿಗಳಿಗೂ ಅದನ್ನೇ ಹೇಳಿದೆ. ಹೋದ ತಿಂಗಳು ಯಜಮಾನರು ಕೀ ತೆಗೆದುಕೊಂಡು ಗಾಡಿ ತರಲು ಹೋದರೆ ಅಜ್ಜಿ ಎದ್ದು ಬಂದು ಚೈನ್ ಹಿಡಿದುಕೊಂಡು ನಿಂತರಂತೆ. ನನಗೆ ಫೋನ್ ಮಾಡಿಸಿ, ನನ್ನ ಬಾಯಲ್ಲಿ ಕೇಳಿದ ಮೇಲೇ ಬಿಟ್ಟದ್ದು.

ಎಸ್.ಎಸ್. ಪುರಂ ಹುಡುಗಾ, ಇದನ್ನು ಓದಿದರೆ ಗುಂಡಿ ತೋಡುವ ದಿನ ಹೇಳು. ನಂಬರ್ ಪಂಚ್ ಸೆಟ್ ಈಗ ನಮ್ಮ ಮನೆಯಲ್ಲೇ ಇದೆ, ತರುತ್ತೇನೆ.